ಕಾರ್ಕಳದ ಬೀಜದ ಫ್ಯಾಕ್ಟರಿಗೆ ದೆಹಲಿಯ ಸುಂಕದಿಂದ ಸಿಕ್ಕಿದ್ದೆಷ್ಟು?

2019ರ ಜೂನ್‌ನಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಗೋಡಂಬಿ ಆಮದಿಗೆ ಹೊಸ ಕನಿಷ್ಠ ಬೆಲೆ ಗೊತ್ತು ಮಾಡಿತು. ತುಂಡು ಗೋಡಂಬಿ ಕಿಲೋಗೆ 680 ರೂಪಾಯಿಗಿಂತ ಕಮ್ಮಿಗೆ ದೇಶದೊಳಗೆ ಬರುವ ಹಾಗಿಲ್ಲ. ಇಡಿ ಗೋಡಂಬಿ 720ಕ್ಕಿಂತ ಕಮ್ಮಿಗೆ ಬರುವ ಹಾಗಿಲ್ಲ. ಅದಕ್ಕೆ ಮುಂಚೆ ಈ ಮಿತಿ 288 ಮತ್ತು 400 ಇತ್ತು. ಮರುತಿಂಗಳ ಬಜೆಟ್ಟಿನಲ್ಲಿ ಗೋಡಂಬಿಯ ಆಮದು ಸುಂಕವೂ ಶೇ. 45ರಿಂದ ಶೇ. 70ಕ್ಕೆ ಏರಿತು. ಮಂಗಳೂರು, ಕಾರ್ಕಳ, ಕುಂದಾಪುರದ ಫ್ಯಾಕ್ಟರಿಯವರು ವರ್ಷಗಟ್ಟಲೆ ಕೇಳುತ್ತಿದ್ದದ್ದು ಇದನ್ನೇ.

ಇಷ್ಟು ದೊಡ್ಡ ಬೇಲಿ ಹಾಕಿದ ಮೇಲೆ ಫ್ಯಾಕ್ಟರಿಗಳು ಗೆಲ್ಲಬೇಕಿತ್ತು, ಅಲ್ವಾ? ಕಾರ್ಕಳ ತಾಲೂಕಿನ ಒಂದು ಮಧ್ಯಮ ಗಾತ್ರದ ಫ್ಯಾಕ್ಟರಿಯನ್ನು ಹಿಡಿದು ಈ ಪ್ರಶ್ನೆ ನೋಡೋಣ. ಮಾಲೀಕರು ಹೆಸರು ಬೇಡ ಅಂದಿದ್ದಾರೆ. ಅವರ ಪುಸ್ತಕದ ಅಂಕಿಗಳನ್ನೂ ಇದ್ದ ಹಾಗೆ ಕೊಟ್ಟಿಲ್ಲ. ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆಗಳ ಒಂದು ಮಾದರಿ ಮಾಡಿಕೊಂಡಿದ್ದೇನೆ. ಸುಂಕ, ಅಧಿಸೂಚನೆ, ಇಸವಿಗಳು ಮಾತ್ರ ನಿಜದವು.

ಫ್ಯಾಕ್ಟರಿ ಎಂಥದ್ದು ಅಂತ ಮೊದಲು ಹೇಳುತ್ತೇನೆ. ಕರಾವಳಿಯಲ್ಲಿ ಬೀಜ ಅಂದರೆ ಚಿಪ್ಪು ಸಮೇತದ ಗೋಡಂಬಿ, ಚಿಪ್ಪು ಒಡೆದು ತೆಗೆದದ್ದು ತಿರುಳು. ಅಪ್ಪನ ಕಾಲದಲ್ಲಿ ಶುರುವಾದದ್ದು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಬೀಜ ಒಣಗಿಸುವ ದೊಡ್ಡ ಸಿಮೆಂಟ್ ಅಂಗಳ. ಬೆಳಿಗ್ಗೆ ವ್ಯಾನಿನಲ್ಲಿ ಅಜೆಕಾರು, ಬೈಲೂರು ಕಡೆಯ ಹೆಂಗಸರು ಬಂದು ಇಳಿಯುತ್ತಾರೆ. ಬೀಜವನ್ನು ಆವಿಯಲ್ಲಿ ಬೇಯಿಸುವುದು, ಕಟ್ಟಿಂಗ್, ಬೋರ್ಮಾದಲ್ಲಿ ಒಣಗಿಸುವುದು, ಒಳಸಿಪ್ಪೆ ಸುಲಿಯುವ ಪೀಲಿಂಗ್, ಗ್ರೇಡಿಂಗ್, ಕೊನೆಗೆ ಡಬ್ಬಕ್ಕೆ ತುಂಬುವುದು. ಬೋರ್ಮಾ ಅಂದರೆ ತಿರುಳು ಒಣಗಿಸುವ ಬಿಸಿ ಕೋಣೆ. ಮಂಗಳೂರಿನಲ್ಲಿ ಈ ಕಸುಬು 1920ರ ದಶಕದಿಂದ ಇದೆ. ಒಂದು ಕಾಲದಲ್ಲಿ ಕರಾವಳಿಯ ಬಡ ಮನೆಯ ಹೆಂಗಸರಿಗೆ ಇದ್ದ ದಾರಿ ಎರಡೇ. ಮನೆಯಲ್ಲಿ ಕೂತು ಬೀಡಿ ಕಟ್ಟುವುದು, ಇಲ್ಲಾ ಬೀಜದ ಫ್ಯಾಕ್ಟರಿಗೆ ಹೋಗುವುದು.

ಬೀಜ ಎಲ್ಲಿಂದ ಬರುತ್ತದೆ ಅನ್ನುವುದು ಮುಖ್ಯ. ಗೇರುಮರ ನಮ್ಮ ಗುಡ್ಡೆಗಳಲ್ಲಿ ಬೇಕಾದಷ್ಟು ಇದೆ, ಸರಿ. ಆದರೆ ದೇಶದ ಫ್ಯಾಕ್ಟರಿಗಳು ಒಡೆಯುವ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಐವರಿ ಕೋಸ್ಟ್, ಘಾನಾ, ಗಿನಿ-ಬಿಸಾವ್, ಟಾಂಜಾನಿಯಾ, 2024ರವರೆಗೆ ಬೆನಿನ್ ಕೂಡ. ಪಣಂಬೂರಿನ ಬಂದರಿಗೆ ಕಂಟೇನರಿನಲ್ಲಿ ಬಂದು, ಅಲ್ಲಿಂದ ಲಾರಿಯಲ್ಲಿ ಕಾರ್ಕಳಕ್ಕೆ. ನಮ್ಮ ಬೀಜ ಫೆಬ್ರವರಿಯಿಂದ ಮೇವರೆಗೆ ಸಿಗುತ್ತದೆ. ಪಶ್ಚಿಮ ಆಫ್ರಿಕಾದ ಕೊಯ್ಲೂ ಹೆಚ್ಚು ಕಮ್ಮಿ ಅದೇ ಹೊತ್ತಿಗೆ. ಹಾಗಾಗಿ ವರ್ಷದ ಸರಕನ್ನು ಮೂರು ನಾಲ್ಕು ತಿಂಗಳಲ್ಲಿ ಕೊಂಡು ಗೋದಾಮಿನಲ್ಲಿ ಇಡಬೇಕು. ದುಡ್ಡು ಬ್ಯಾಂಕಿನದು. ಮುಂದಿನ ತಿಂಗಳುಗಳಲ್ಲಿ ತಿರುಳಿನ ಬೆಲೆ ಬಿದ್ದರೆ ಗೋದಾಮಿನ ಪ್ರತಿ ಗೋಣಿಯೂ ನಷ್ಟದ ಗೋಣಿ.

ಲೋಡ್ ಬಂದ ದಿನ ಅಂಗಳದಲ್ಲಿ ನಡೆಯುವ ಒಂದು ಕೆಲಸ ನೋಡುವ ಹಾಗಿದೆ. ಮೇಸ್ತ್ರಿ ಬೇರೆ ಬೇರೆ ಗೋಣಿಗೆ ಸರಳು ಚುಚ್ಚಿ ಬೀಜ ತೆಗೆಯುತ್ತಾರೆ. ಎಲ್ಲ ಕಲಸಿ ಒಂದು ಕಿಲೋ ತೂಗುತ್ತಾರೆ. ಮೊದಲು ಎಣಿಕೆ. ಕಿಲೋಗೆ 180 ಬೀಜ ಬಂದರೆ ಮುಖ ಅರಳುತ್ತದೆ, 210 ಆದರೆ ಸಣ್ಣ ಬೀಜ ಅಂತ ಗೊಣಗಾಟ. ಆಮೇಲೆ ಒಂದೊಂದಾಗಿ ಸೀಳಿ ತಟ್ಟೆಯಲ್ಲಿ ಗುಂಪು ಮಾಡುತ್ತಾರೆ. ಒಳ್ಳೆಯದು ಒಂದು ಕಡೆ, ಕಪ್ಪು ಚುಕ್ಕೆಯದು ಇನ್ನೊಂದು ಕಡೆ, ಎಳಸು, ಹುಳು ತಿಂದದ್ದು, ಪೊಳ್ಳು ಮತ್ತೊಂದು ಕಡೆ. ಒಳ್ಳೆಯದರ ಪೂರ್ತಿ ತೂಕ, ಚುಕ್ಕೆಯದರ ಅರ್ಧ ತೂಕ ಸೇರಿಸುತ್ತಾರೆ. ಅದು 272 ಗ್ರಾಂ ಬಂತು ಅಂತ ಇಟ್ಟುಕೊಳ್ಳಿ. 0.176ರಿಂದ ಗುಣಿಸಿದರೆ ಸುಮಾರು 48. ಅಂದರೆ 80 ಕಿಲೋ ಗೋಣಿಯಲ್ಲಿ 48 ಪೌಂಡ್ ತಿರುಳು ಸಿಗುವ ಬೀಜ. ಇಡೀ ಲೋಕದ ಬೀಜದ ವ್ಯಾಪಾರ ನಡೆಯುವುದು ಈ ಪೌಂಡಿನ ಲೆಕ್ಕದಲ್ಲೇ. ಒಂದು ಪೌಂಡ್ ಕಮ್ಮಿ ಬಂದರೂ ಸಾಕು, ಮಾಲೀಕರ ಫೋನು ಮಂಗಳೂರಿನ ಏಜೆಂಟರಿಗೆ ಹೋಯಿತು ಅಂತಲೇ ಲೆಕ್ಕ.

ಈಗ ಮಾದರಿ ಲೆಕ್ಕಕ್ಕೆ ಬರೋಣ. ಬೀಜ ಫ್ಯಾಕ್ಟರಿ ಬಾಗಿಲಿಗೆ ಕಿಲೋ 100 ರೂಪಾಯಿ. ನಾಲ್ಕು ಕಿಲೋ ಬೀಜಕ್ಕೆ ಒಂದು ಕಿಲೋ ಮಾರುವಂಥ ತಿರುಳು. ಹಾಗಾದರೆ ತಿರುಳಿನ ಕಿಲೋಗೆ ಬೀಜದ ಖರ್ಚೇ 400. ಕೂಲಿ, ಕರೆಂಟು, ಬಾಯ್ಲರು, ಡಬ್ಬ ಎಲ್ಲ ಸೇರಿ 100. ಸರಕು ಸರಾಸರಿ ಆರು ತಿಂಗಳು ಗೋದಾಮಿನಲ್ಲಿ, ಬಡ್ಡಿ ಶೇ. 9 ಅಂದರೆ 18 ರೂಪಾಯಿ. ಒಟ್ಟು 518.

ಮಾರುವ ಕಡೆ ನೋಡಿ. ನೂರು ಕಿಲೋ ತಿರುಳಿನಲ್ಲಿ 65 ಕಿಲೋ ಇಡಿ, 35 ಕಿಲೋ ತುಂಡು. ಇಡಿಯದಕ್ಕೆ ಸರಾಸರಿ 620, ತುಂಡಿಗೆ 400 ಸಿಕ್ಕರೆ, ಕಿಲೋಗೆ ಬರುವುದು 543. ಉಳಿಯುವುದು 25 ರೂಪಾಯಿ. ಚಿಪ್ಪು ಮಾರಿದ ದುಡ್ಡು ಚಿಲ್ಲರೆ ಖರ್ಚಿಗೆ ಸರಿಹೋಗುತ್ತದೆ, ಅದನ್ನು ಬಿಟ್ಟುಬಿಡಿ. 500 ಚಿಲ್ಲರೆ ಹಾಕಿ 25 ತೆಗೆಯುವ ವ್ಯಾಪಾರ ಇದು. ಅಂಗಡಿಯಲ್ಲಿ ಗೋಡಂಬಿಯ ರೇಟು ನೋಡಿ ಬೀಜದ ಫ್ಯಾಕ್ಟರಿಯವರೆಲ್ಲ ಕುಬೇರರು ಅಂದುಕೊಳ್ಳುವವರು ಇದನ್ನು ಒಮ್ಮೆ ಕೂಡಿ ನೋಡಬೇಕು.

ಇಷ್ಟು ತೆಳು ಅಂಚಿನ ಮೇಲೆ 2016ರ ಬಜೆಟ್ ಬಂತು. ಅಲ್ಲಿಯವರೆಗೆ ಹೊರಗಿನ ಬೀಜಕ್ಕೆ ಸುಂಕ ಇರಲಿಲ್ಲ. ಆ ವರ್ಷ ಶೇ. 5 ಮೂಲ ಸುಂಕ ಹಾಕಿದರು. ಅದರ ಮೇಲೆ ಸೆಸ್ಸು, ಶೇ. 4ರ ವಿಶೇಷ ಹೆಚ್ಚುವರಿ ಸುಂಕ, ಎಲ್ಲ ಸೇರಿ ಶೇ. 9.36. ನಮ್ಮ ಮಾದರಿಯಲ್ಲಿ ತಿರುಳಿನ ಕಿಲೋಗೆ 37 ರೂಪಾಯಿ ಹೊರೆ. 25 ಉಳಿಯುವ ಕಡೆ 37 ಕೊಡುವುದು ಹೇಗೆ? ಜಿಎಸ್‌ಟಿ ಬಂದು ಆ ಹೆಚ್ಚುವರಿ ಸುಂಕ ಹೋದ ಮೇಲೆ ಹೊರೆ 20ಕ್ಕೆ ಇಳಿಯಿತು. 2018ರ ಬಜೆಟ್ಟಿನಲ್ಲಿ ಸುಂಕ ಶೇ. 2.5ಕ್ಕೆ ಇಳಿದಾಗ 10 ಆಯಿತು.

ಬೀಜಕ್ಕೆ ಸುಂಕ ಹಾಕಿದ್ದರ ಹಿಂದೆ ನ್ಯಾಯವೇ ಇರಲಿಲ್ಲ ಅಂತ ಹೇಳಲಾರೆ. ಒಳಗಿನ ಬೆಳೆಗಾರನಿಗೆ ಬೆಲೆ ಸಿಗಲಿ ಅನ್ನುವುದು ನ್ಯಾಯವಾದ ಮಾತೇ. ಆದರೆ ಪೂರ್ತಿ ರಫ್ತಿಗೇ ಒಡೆಯುವವರಿಗೆ ಅಡ್ವಾನ್ಸ್ ಆಥರೈಸೇಶನ್ ಅಂತ ಒಂದು ದಾರಿ ಇದೆ. ಇಂತಿಷ್ಟು ತಿರುಳು ಹೊರಗೆ ಕಳಿಸುತ್ತೇನೆ ಅಂತ ಬರೆದುಕೊಟ್ಟು ಸುಂಕವಿಲ್ಲದೆ ಬೀಜ ತರಬಹುದು. ಅತಿ ಹಿಂದುಳಿದ ದೇಶಗಳ ಸರಕಿಗೆ ರಿಯಾಯಿತಿ ಕೊಡುವ ಯೋಜನೆಯೂ 2008ರಿಂದ ಇದೆ. ಹೊರೆ ನೇರವಾಗಿ ಬಿದ್ದದ್ದು ಊರೊಳಗೆ ಮಾರುವವರ ಮೇಲೆ. ನಮ್ಮ ಫ್ಯಾಕ್ಟರಿ ಆ ಹೊತ್ತಿಗೆ ಅರ್ಧ ಸರಕು ಒಳಗೇ ಮಾರುತ್ತಿತ್ತು.

ಯಾಕೆ ಒಳಗೆ ಅಂದರೆ, ಹೊರಗಿನ ಮಾರುಕಟ್ಟೆ ವಿಯೆಟ್ನಾಮಿನ ಕೈ ಸೇರಿತ್ತು. 2006ರಿಂದ ತಿರುಳಿನ ರಫ್ತಿನಲ್ಲಿ ಅವರದ್ದೇ ಮೊದಲ ಸ್ಥಾನ. ಅವರದ್ದು ಪೂರ್ತಿ ಮಿಷನ್ ಕೆಲಸ. ಬೀಜ ಅವರೂ ಆಫ್ರಿಕಾದಿಂದಲೇ ತರಿಸುತ್ತಾರೆ. ಅತ್ತ ನಮ್ಮವರು ತಿನ್ನುವುದು ಜಾಸ್ತಿಯಾಗುತ್ತಾ ಹೋಯಿತು. ಮದುವೆ, ದೀಪಾವಳಿ, ಕಾಜು ಕತ್ಲಿ, ಹೋಟೆಲಿನ ಬಿಳಿ ಗ್ರೇವಿ. ಲೋಕದಲ್ಲಿ ಅತಿ ಹೆಚ್ಚು ಗೋಡಂಬಿ ತಿನ್ನುವ ದೇಶ ನಮ್ಮದು. 2013-14ರಲ್ಲಿ 1 ಲಕ್ಷ ಟನ್ ದಾಟಿದ್ದ ನಮ್ಮ ರಫ್ತು 2019-20ಕ್ಕೆ 70 ಸಾವಿರ ಟನ್ನಿಗಿಂತ ಕೆಳಗೆ ಬಂತು. ಇದು ಸೋಲು ಮಾತ್ರ ಅಲ್ಲ. ಮನೆಯ ಮಾರುಕಟ್ಟೆಯಲ್ಲೇ ಒಳ್ಳೆ ರೇಟು ಸಿಗುವಾಗ ಯಾರಾದರೂ ಸುಮ್ನೆ ಹಡಗು ಹತ್ತಿಸುತ್ತಾರಾ?

ಆ ಮನೆಯ ಮಾರುಕಟ್ಟೆಗೇ ಹೊರಗಿನ ತುಂಡು ನುಗ್ಗಿದಾಗ ಫ್ಯಾಕ್ಟರಿಯವರಿಗೆ ಬಿಸಿ ತಟ್ಟಿತು. ಹೊರಗಿನವರು ಕೊಳ್ಳುವುದು ಮುಖ್ಯವಾಗಿ ಇಡಿ ತಿರುಳನ್ನು, ಅದರಲ್ಲೂ ಡಬ್ಲ್ಯು 320 ಅನ್ನು. ಪೌಂಡಿಗೆ 300ರಿಂದ 320 ಬರುವ ಗ್ರೇಡು ಅದು. ತುಂಡಿಗೆ ದೊಡ್ಡ ಗಿರಾಕಿ ನಮ್ಮ ಸ್ವೀಟ್ ಅಂಗಡಿಗಳು. ನೂರರಲ್ಲಿ 35 ತುಂಡೇ ಆಗುವ ಕಸುಬಿನಲ್ಲಿ ತುಂಡಿನ ಬೆಲೆ ಬಿದ್ದರೆ ಲಾಭದ ಬುಡವೇ ಅಲ್ಲಾಡುತ್ತದೆ.

ಹಾಗಾಗಿ 2019ರ ಅಧಿಸೂಚನೆಯಲ್ಲಿ ನಾನು ಗಮನಿಸಿದ್ದು ತುಂಡಿನ ಮಿತಿಯನ್ನು. ಇಡಿಯದ್ದು 400ರಿಂದ 720, ಅಂದರೆ ಎರಡು ಪಟ್ಟಿಗೂ ಕಮ್ಮಿ. ತುಂಡಿನದ್ದು 288ರಿಂದ 680, ಎರಡು ಪಟ್ಟು ದಾಟಿತು. ಮೊದಲು ಎರಡರ ನಡುವೆ 112 ರೂಪಾಯಿ ಅಂತರ ಇತ್ತು, ಈಗ ಬರೀ 40. ಯಾವ ಊರಿನ ಅಂಗಡಿಯಲ್ಲೂ ಇಡಿ ಮತ್ತು ತುಂಡಿನ ಬೆಲೆ ಇಷ್ಟು ಹತ್ತಿರ ಇರುವುದಿಲ್ಲ. ಇದು ಬೆಲೆ ನೋಡಿ ಹಾಕಿದ ಮಿತಿ ಅಲ್ಲ. ತುಂಡು ಬರುವುದೇ ಬೇಡ ಅಂತ ಹಾಕಿದ ಬೀಗ.

ಬೀಗ ಬಿದ್ದ ಮೇಲೆ ತುಂಡಿಗೆ ಕಿಲೋಗೆ 100 ರೂಪಾಯಿ ಜಾಸ್ತಿ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಮಾದರಿಯಲ್ಲಿ ಇದರಿಂದ ತಿರುಳಿನ ಸರಾಸರಿ ಬೆಲೆಗೆ ಸೇರುವುದು 35 ರೂಪಾಯಿ. ಶೇ. 2.5 ಸುಂಕ ಕೊಟ್ಟು 15 ಉಳಿಯುತ್ತಿದ್ದ ಕಡೆ 50 ಉಳಿಯಬೇಕು. ಮೂರು ಪಟ್ಟಿಗಿಂತ ಜಾಸ್ತಿ. ಕಾಗದದ ಮೇಲೆ ಹಬ್ಬ.

ಕಾರ್ಕಳದ ಅಂಗಳದಲ್ಲಿ ಆದದ್ದೇ ಬೇರೆ. ಮುಂದಿನ ಕೊಯ್ಲಿಗೆ ಬೀಜ ಕೊಳ್ಳಲು ಹೋದಾಗ ಎಲ್ಲ ಫ್ಯಾಕ್ಟರಿಯವರ ತಲೆಯಲ್ಲೂ ಇದೇ ಲೆಕ್ಕ ಇತ್ತು. ತುಂಡಿಗೆ ರೇಟು ಬಂದಿದೆ, ಬೀಜಕ್ಕೆ ಎರಡು ರೂಪಾಯಿ ಜಾಸ್ತಿ ಕೊಟ್ಟರೂ ನಡೆಯುತ್ತದೆ. ಪಕ್ಕದ ಫ್ಯಾಕ್ಟರಿ ನಾಲ್ಕು ಕೊಡುತ್ತದೆ. ಕೇರಳದವರು, ಆಂಧ್ರದ ಪಲಾಸದವರು, ಮಹಾರಾಷ್ಟ್ರದವರು, ಎಲ್ಲರೂ ಅದೇ ಬೀಜದ ಹಿಂದೆ. ದೇಶದಲ್ಲಿ ಒಡೆಯುವ ಮಿಷನ್ ಜಾಸ್ತಿ, ಒಡೆಯಲು ಬೀಜ ಕಮ್ಮಿ. ಇಂಥ ಕಡೆ ತಿರುಳಿನ ಬೆಲೆ ಏರಿದರೆ ಅದು ಹೋಗಿ ಸೇರುವುದು ಬೀಜ ಇಟ್ಟುಕೊಂಡವನ ಕೈಗೆ. ಬೀಜದ ಬೆಲೆ ಕಿಲೋಗೆ 9 ರೂಪಾಯಿ ಏರಿದರೆ ಸಾಕು. ನಾಲ್ಕು ಕಿಲೋಗೆ 36. ದೆಹಲಿ ಕೊಟ್ಟ 35 ಪೂರ್ತಿ ಹೋಯಿತು, ಮೇಲೆ ಒಂದು ರೂಪಾಯಿ ಕೈಯಿಂದ.

“ರೇಟು ಬಂದದ್ದು ಹೌದು ಮಾರಾಯ್ರೆ, ಆದರೆ ಅದು ನಮ್ಮ ಹತ್ರ ನಿಲ್ಲಲಿಲ್ಲ” ಅಂದರು ಮಾಲೀಕರು. ಬೆಳೆ ಚೆನ್ನಾಗಿ ಬಂದು ಬೀಜ ಸಲೀಸಾಗಿ ಸಿಕ್ಕ ವರ್ಷ ಒಂದಿಷ್ಟು ನಿಲ್ಲುತ್ತದೆ. ಬೀಜಕ್ಕೆ ಬರ ಬಂದ ವರ್ಷ ಏನೂ ನಿಲ್ಲುವುದಿಲ್ಲ. ನನಗೆ ಈ ಪ್ರಕರಣದ ಮುಖ್ಯ ಪಾಠ ಕಾಣುವುದು ಇಲ್ಲೇ. ತಿರುಳಿನ ಮೇಲೆ ಎಷ್ಟೇ ದೊಡ್ಡ ಸುಂಕ ಹಾಕಿ, ಕೊರತೆ ಇರುವುದು ಬೀಜಕ್ಕೆ. ಸುಂಕದ ಲಾಭ ಕೊರತೆ ಇದ್ದ ಕಡೆಗೆ ಹರಿಯುತ್ತದೆ. ಅರ್ಧದಷ್ಟು ಬೆನಿನ್, ಐವರಿ ಕೋಸ್ಟಿನ ಬಂದರುಗಳಾದ ಕೊಟೊನೂ, ಅಬಿಜಾನ್‌ನ ದಳ್ಳಾಳಿಗಳಿಗೆ ಹೋಗಿರಬಹುದು. ಇನ್ನೊಂದಿಷ್ಟು ನಮ್ಮ ಗುಡ್ಡೆಯ ಬೆಳೆಗಾರನಿಗೂ ಸಿಕ್ಕಿದೆ, ಯಾಕೆಂದರೆ ಊರಿನ ಬೀಜದ ರೇಟು ಹಡಗಿನ ಬೀಜದ ರೇಟಿನ ಜೊತೆಗೇ ಏರಿಳಿಯುತ್ತದೆ. ದುಡ್ಡು ಕೊಟ್ಟವರು ಸ್ವೀಟ್ ಅಂಗಡಿಯಲ್ಲಿ ಕಾಜು ಕತ್ಲಿ ಕೊಂಡ ನಾವು ನೀವು.

ಬೇಲಿಯಲ್ಲಿ ಕಿಂಡಿಗಳೂ ಇದ್ದವು. ಮಿತಿ ಇದ್ದದ್ದು ಹುರಿಯದ ತಿರುಳಿಗೆ. ಹುರಿದದ್ದು ಅಂತ ಬರೆದರೆ ಸುಂಕದ ಪುಸ್ತಕದಲ್ಲಿ ಅಧ್ಯಾಯವೇ ಬೇರೆ, 8ರಿಂದ 20ಕ್ಕೆ. ಪಶು ಆಹಾರ ಅಂತ ಬರೆದು ತುಂಡು ಗೋಡಂಬಿ ತಂದ ಪ್ರಕರಣಗಳ ಬಗ್ಗೆ ಉದ್ಯಮದವರು ಮತ್ತೆ ಮತ್ತೆ ದೂರು ಕೊಟ್ಟರು. ನಮ್ಮ ದನ ಕರುಗಳು ಗೋಡಂಬಿ ತಿನ್ನುವಷ್ಟು ಪುಣ್ಯ ಮಾಡಿದ್ದು ಯಾವಾಗಲೋ! ಅಡಿಕೆಯವರದ್ದೂ ಇದೇ ಕಥೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ 251ರಿಂದ 351ಕ್ಕೆ ಏರಿದ ಮೇಲೆ ಹುರಿದ ಅಡಿಕೆಯ ಹೆಸರಿನಲ್ಲಿ ಸರಕು ಬರತೊಡಗಿತು. 2025ರ ಏಪ್ರಿಲ್‌ನಲ್ಲಿ ಹುರಿದದ್ದಕ್ಕೂ ಅದೇ ಮಿತಿ ಹಾಕಬೇಕಾಯಿತು. ಬೇಲಿ ಎತ್ತರವಾದಷ್ಟೂ ಕಿಂಡಿ ಹುಡುಕುವವನಿಗೆ ಸಿಗುವ ಲಾಭ ಜಾಸ್ತಿ.

ರಫ್ತಿನ ಸಹಾಯಧನದ ಕಡೆ ಬರುತ್ತೇನೆ. 2015ರ ಏಪ್ರಿಲ್‌ನಿಂದ ಎಂಇಐಎಸ್ ಅನ್ನುವ ಯೋಜನೆ ಇತ್ತು. ರಫ್ತಿನ ಮೌಲ್ಯದ ಮೇಲೆ ಇಷ್ಟು ಶೇಕಡಾ ಅಂತ ಸ್ಕ್ರಿಪ್, ಅಂದರೆ ದುಡ್ಡಿನ ಬದಲಿನ ಚೀಟಿ, ಕೊಡುತ್ತಿದ್ದರು. ಅದರಲ್ಲಿ ಸುಂಕ ಕಟ್ಟಬಹುದು, ಇಲ್ಲಾ ಬೇರೆಯವರಿಗೆ ಮಾರಬಹುದು. ಅಮೆರಿಕ 2018ರಲ್ಲಿ ಇದರ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ತಲಾ ಆದಾಯ ಸತತ ಮೂರು ವರ್ಷ 1,000 ಡಾಲರ್ ದಾಟಿದ ದೇಶ ರಫ್ತಿಗೆ ಸಹಾಯಧನ ಕೊಡುವ ಹಾಗಿಲ್ಲ, ಭಾರತ ಆ ಗೆರೆ ದಾಟಿದೆ ಅನ್ನುವುದು ವಾದ. 2019ರ ಅಕ್ಟೋಬರ್ 31ಕ್ಕೆ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಕೇಳುವ ಪೀಠದಲ್ಲೇ ಸದಸ್ಯರಿಲ್ಲದೆ ಅದು ಅಲ್ಲೇ ನಿಂತಿತು. 2023ರಲ್ಲಿ ಎರಡೂ ದೇಶ ಒಪ್ಪಿ ವ್ಯಾಜ್ಯವನ್ನೇ ಮುಗಿಸಿಕೊಂಡವು. ಯೋಜನೆ ಮಾತ್ರ ಅದಕ್ಕೆ ಮುಂಚೆಯೇ, 2020ರ ಡಿಸೆಂಬರ್ 31ಕ್ಕೆ ಮುಗಿದಿತ್ತು. ಮರುದಿನದಿಂದ ಆರ್‌ಒಡಿಟಿಇಪಿ ಅನ್ನುವ ಬದಲಿ ಬಂತು. ಇದು ಬಹುಮಾನ ಅಲ್ಲ, ಡೀಸೆಲ್, ಕರೆಂಟಿನ ಮೇಲೆ ಕಟ್ಟಿದ ತೆರಿಗೆಯ ವಾಪಸಾತಿ ಅಷ್ಟೇ. ದರ ಯಾವುದು ಅಂತ ಗೊತ್ತಾಗಲು 2021ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಅಷ್ಟು ತಿಂಗಳು ಹೊರಗಿನ ಗಿರಾಕಿಗೆ ಯಾವ ಬೆಲೆ ಹೇಳಬೇಕು?

ನಮ್ಮ ಫ್ಯಾಕ್ಟರಿಗೆ ಇದರಿಂದ ಬಿದ್ದ ಪೆಟ್ಟು ದೊಡ್ಡದಲ್ಲ, ಯಾಕೆಂದರೆ ಆಗಲೇ ಅವರ ಮುಖ ಒಳಗಿನ ಮಾರುಕಟ್ಟೆ ಕಡೆಗೆ ತಿರುಗಿತ್ತು. ಉಳಿದಿದ್ದ ರಫ್ತೂ ಕಮ್ಮಿಯಾಯಿತು. ಬಡ್ಡಿಯ ಕಡೆ ಮಾತ್ರ ತಟ್ಟಿದೆ. ರಫ್ತು ಸಾಲದ ಬಡ್ಡಿಯಲ್ಲಿ ಕೇಂದ್ರ ಕೊಡುತ್ತಿದ್ದ ಶೇ. 3ರ ಸಹಾಯ 2024ರ ಡಿಸೆಂಬರ್‌ಗೆ ನಿಂತಿತು. ಮಾದರಿಯಲ್ಲಿ ಆರು ತಿಂಗಳಿಗೆ ಅದು 6 ರೂಪಾಯಿ. ಸಣ್ಣ ಮೊತ್ತ ಅಂತ ಕಾಣಬಹುದು, 15 ಉಳಿಯುವ ಕಡೆ 6 ಸಣ್ಣದಲ್ಲ.

ಕೆಲಸದ ಹೆಂಗಸರ ಕಥೆ ಈ ಸುಂಕಗಳಿಗಿಂತ ಬೇರೆ ದಾರಿಯಲ್ಲಿ ನಡೆದಿದೆ. ಮೊದಲು ಕಟ್ಟಿಂಗ್ ಅಂದರೆ ಒಬ್ಬೊಬ್ಬರೂ ಒಂದೊಂದು ಬೀಜವನ್ನು ಮಿಷನ್ನಿಗೆ ಇಟ್ಟು, ಕಾಲಲ್ಲಿ ತುಳಿದು, ಸೀಳುವುದು. ಚಿಪ್ಪಿನ ಎಣ್ಣೆ ಕೈ ಸುಡುತ್ತದೆ. ಬೂದಿ, ಹರಳೆಣ್ಣೆ ಹಚ್ಚಿಕೊಂಡು ಕೂರುತ್ತಿದ್ದರು. ಆದರೂ ಬೆರಳ ತುದಿ ಕಪ್ಪಾಗಿಯೇ ಇರುತ್ತಿತ್ತು. ಈಗ ಆಟೋಮ್ಯಾಟಿಕ್ ಕಟ್ಟಿಂಗ್, ಗಾಳಿಯ ಪೀಲಿಂಗ್, ಕ್ಯಾಮೆರಾದ ಗ್ರೇಡಿಂಗ್ ಬಂದಿವೆ. ಮಿಷನ್ ಬಿಟ್ಟದ್ದನ್ನು ಕೈಯಲ್ಲಿ ತೆಗೆಯುವುದಕ್ಕೆ, ಕೊನೆಯ ಆಯ್ಕೆಗೆ ಹೆಂಗಸರು ಬೇಕು. ಮೊದಲಿನಷ್ಟು ಜನ ಬೇಡ. ಹೊಸಬರು ಸಿಗುವುದೂ ಇಲ್ಲ. “ನನ್ನ ಮಗಳು ಮಣಿಪಾಲದಲ್ಲಿ ಕೆಲಸಕ್ಕೆ ಹೋಗ್ತಾಳೆ, ಅವಳಿಗೆ ಇದೆಲ್ಲ ಎಂತಕ್ಕೆ?” ಅಂದರು ಗ್ರೇಡಿಂಗ್ ಮೇಜಿನ ಒಬ್ಬ ಹಿರಿಯಕ್ಕ. ಗೋಡಂಬಿ ಸುಂಕ ಏರಿಸಲು ಕೊಡುವ ಎಲ್ಲ ಮನವಿಗಳಲ್ಲೂ ಮೊದಲ ಸಾಲು ಮಹಿಳಾ ಕಾರ್ಮಿಕರದ್ದೇ. ಸುಂಕ ಏರಿದಾಗ ಉಳಿದ ದುಡ್ಡಿನಲ್ಲಿ ಬಂದದ್ದು ಹೆಚ್ಚಾಗಿ ಮಿಷನ್. ಮಾಲೀಕರನ್ನು ದೂರಿ ಪ್ರಯೋಜನ ಇಲ್ಲ. ವಿಯೆಟ್ನಾಮಿನ ಎದುರು ಬೇರೆ ದಾರಿ ಇರಲಿಲ್ಲ.

ಬೆಳೆಗಾರನ ಕಡೆ ನೋಡಿದರೆ, ಕಾರ್ಕಳ, ಬೆಳ್ತಂಗಡಿಯ ಗುಡ್ಡೆಗಳಲ್ಲಿ ಗೇರು ಹೋಗಿ ರಬ್ಬರ್ ಬಂತು. ನೀರು ಏರಿಸಲು ಆದ ಕಡೆ ಅಡಿಕೆ ಬಂತು. ಅಡಿಕೆಗೆ 351ರ ಆಮದು ಬೆಲೆಯ ಕಾವಲಿದೆ, ಕ್ಯಾಂಪ್ಕೊದಂಥ ಬೆಳೆಗಾರರ ಸಹಕಾರ ಸಂಸ್ಥೆ ಇದೆ. ಗೇರಿಗೆ ಶೇ. 2.5ರ ತೆಳು ಸುಂಕ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಇದೆ, ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರದ ಕಸಿಗಳಿವೆ, ಭಾಸ್ಕರದಂಥ ತಳಿಗಳಿವೆ. ತಳಿಯ ಕೊರತೆ ನಮಗಿಲ್ಲ. ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟಕ್ಕೆ ಮದ್ದು ಹೊಡೆಯುವವರು, ಬಿದ್ದ ಬೀಜ ಹೆಕ್ಕುವವರು ಸಿಗುವುದಿಲ್ಲ. ಫ್ಯಾಕ್ಟರಿಯವರು ಬೀಜದ ಸುಂಕ ಸೊನ್ನೆ ಮಾಡಿ ಅನ್ನುತ್ತಾರೆ. ಬೆಳೆಗಾರರು ಏರಿಸಿ ಅನ್ನುತ್ತಾರೆ. ಗೋವಾದಲ್ಲಿ ಇದಕ್ಕೆ ಬೇರೆ ಉಪಾಯ ಮಾಡಿದ್ದಾರೆ. ಅಲ್ಲಿ ಸರ್ಕಾರ ಬೀಜಕ್ಕೆ ಆಧಾರ ಬೆಲೆ ಗೊತ್ತು ಮಾಡಿ, ಮಾರುಕಟ್ಟೆಯಲ್ಲಿ ಅಷ್ಟು ಸಿಗದಿದ್ದರೆ ವ್ಯತ್ಯಾಸ ಕೊಡುತ್ತದೆ. ಬೆಳೆಗಾರನಿಗೆ ಕೊಡಬೇಕಾದ್ದನ್ನು ಫ್ಯಾಕ್ಟರಿಯ ಜೇಬಿನಿಂದ ತೆಗೆಯದೆ ಬೊಕ್ಕಸದಿಂದ ಕೊಡುವ ದಾರಿ ಅದು. ನನ್ನ ಮಟ್ಟಿಗೆ ಕರ್ನಾಟಕದ ಕರಾವಳಿಗೂ ಇದೇ ಸರಿ. ಬೀಜ ಜಾಸ್ತಿಯಾದರೆ ಮಾತ್ರ ತಿರುಳಿನ ಸುಂಕ ಕೊಡುವ ಲಾಭ ಊರಲ್ಲಿ ನಿಲ್ಲುತ್ತದೆ.

ಇನ್ನು ಹಡಗಿನ ಆಚೆ ಕಡೆ. ಮೊಜಾಂಬಿಕ್ 1970ರ ದಶಕದ ಶುರುವಿನಲ್ಲಿ ಲೋಕದಲ್ಲೇ ಅತಿ ಹೆಚ್ಚು ಬೀಜ ಬೆಳೆಯುತ್ತಿತ್ತು. 1990ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದ ಷರತ್ತಾಗಿ ಬೀಜದ ಮೇಲಿನ ರಫ್ತು ಸುಂಕ ಇಳಿಸಿ ಅಂದಿತು. ಬೆಳೆಗಾರನಿಗೆ ಒಳ್ಳೆ ಬೆಲೆ ಸಿಗುತ್ತದೆ ಅನ್ನುವುದು ಕಾರಣ. ಸುಂಕ ಇಳಿಯಿತು, ಬೀಜ ಹಡಗು ಹತ್ತಿ ಭಾರತಕ್ಕೆ ಬಂತು, ಅಲ್ಲಿನ ಫ್ಯಾಕ್ಟರಿಗಳು ಸಾಲಾಗಿ ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಡ್ಯಾನಿ ರಾಡ್ರಿಕ್ ಮತ್ತು ಜೊತೆಯ ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದಾಗ ಒಂದು ಬೆಳೆಗಾರ ಕುಟುಂಬಕ್ಕೆ ಸಿಕ್ಕ ಲಾಭ ವರ್ಷಕ್ಕೆ 5 ಡಾಲರಿನ ಆಸುಪಾಸು. ಉಳಿದದ್ದು ನಡುವಿನ ವ್ಯಾಪಾರಿಗಳ ಪಾಲು. ಆಗ ನಮ್ಮ ದೇಶದ ಫ್ಯಾಕ್ಟರಿಗಳಿಗೆ ಬೀಜ ಸಲೀಸಾಗಿ ಸಿಕ್ಕಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಫ್ರಿಕಾದವರು ಅದನ್ನು ಮರೆತಿಲ್ಲ. 2018ರ ಕೊನೆಗೆ ಟಾಂಜಾನಿಯಾದ ಅಧ್ಯಕ್ಷ ಮಗುಫುಲಿ, ವ್ಯಾಪಾರಿಗಳು ಕೊಡುವ ಬೆಲೆ ಸಾಲದು ಅಂತ ಸೈನ್ಯವನ್ನೇ ಇಳಿಸಿ ಕಿಲೋಗೆ 3,300 ಶಿಲ್ಲಿಂಗ್‌ನಂತೆ ಬೆಳೆ ಕೊಳ್ಳಲು ಹೊರಟರು. ಬೆನಿನ್ 2024ರ ಏಪ್ರಿಲ್‌ನಿಂದ ಬೀಜದ ರಫ್ತನ್ನೇ ನಿಷೇಧಿಸಿತು. ಗ್ಲೋ-ಜಿಗ್ಬೆ ಅನ್ನುವಲ್ಲಿ ದೊಡ್ಡ ಕೈಗಾರಿಕಾ ವಲಯ ಕಟ್ಟಿ, ಬೀಜ ಬೇಕಾದರೆ ಇಲ್ಲೇ ಬಂದು ಒಡೆಯಿರಿ ಅನ್ನುತ್ತಿದೆ. ತಪ್ಪು ಅನ್ನಲು ನಮಗೆ ಬಾಯಿಲ್ಲ. ನಾವೂ ತಿರುಳಿಗೆ ಮಿತಿ ಹಾಕಿದ್ದು ಇದೇ ಆಸೆಯಿಂದ.

ಮಾಲೀಕರು ಇದನ್ನೂ ಯೋಚಿಸಿದ್ದರು. ಬೆನಿನ್‌ನಲ್ಲಿ ಸಣ್ಣದೊಂದು ಘಟಕ ಹಾಕಿ ಅಲ್ಲೇ ಚಿಪ್ಪು ಒಡೆಯುವುದು. ಒಳಸಿಪ್ಪೆ ಅಂಟಿದ ಬೋರ್ಮಾ ತಿರುಳನ್ನು ಪಣಂಬೂರಿಗೆ ತಂದು, ಪೀಲಿಂಗ್, ಗ್ರೇಡಿಂಗ್ ಕಾರ್ಕಳದಲ್ಲಿ ಮಾಡುವುದು. ನಾಲ್ಕು ಕಿಲೋ ಬೀಜದ ಬದಲು ಒಂದು ಕಿಲೋಗೆ ಹಡಗಿನ ಬಾಡಿಗೆ, ಮೇಲೆ ಇಲ್ಲಿನ ಹೆಂಗಸರಿಗೆ ಕೆಲಸವೂ ಉಳಿಯುತ್ತದೆ. ಮಂಗಳೂರಿನ ಕಸ್ಟಮ್ಸ್ ಏಜೆಂಟರ ಹತ್ತಿರ ಕೇಳಿದರು. ಚಿಪ್ಪು ಬಿಟ್ಟ ಮೇಲೆ ಸುಂಕದವರ ಕಣ್ಣಿಗೆ ಅದು ತಿರುಳು, ಕಿಲೋಗೆ 720 ಇಲ್ಲದೆ ಒಳಗೆ ಬಿಡುವುದಿಲ್ಲ ಅಂದರು ಅವರು. ಪೀಲಿಂಗ್ ಆಗದ ತಿರುಳಿಗೆ 720 ಯಾರು ಕೊಡುತ್ತಾರೆ? ಆ ಮಿತಿ ಬೇಕು ಅಂತ ಕೊಟ್ಟ ಮನವಿಯ ಪ್ರತಿ ಆಫೀಸಿನ ಕಪಾಟಿನಲ್ಲೇ ಇದೆ, ಮಾಲೀಕರದ್ದೇ ಸಹಿ. ಫ್ಯಾಕ್ಟರಿಯವರ ಈ ಸಲದ ಸಭೆಯಲ್ಲಿ ಬೋರ್ಮಾ ತಿರುಳಿಗೆ ಮಾತ್ರ ವಿನಾಯಿತಿ ಕೇಳಬೇಕು ಅಂತಿದ್ದಾರೆ. ಕಿಂಡಿ ಆಗುತ್ತದೆ ಅಂತ ಪಕ್ಕದ ಫ್ಯಾಕ್ಟರಿಯವರು ಈಗಲೇ ವಿರೋಧ.